ಹರವಿಯ ಬೆವರು

ಕೆಲಸದ ಮೇಲೆ ಮಂಗಳೂರಿಗೆ ಹೊರಟಾಗ ವಿಜಯಪುರದಿಂದ ಒಂದು ಹರವಿಯನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ರಾತ್ರಿಯ ಬಸ್ಸು. ಘಾಟಿಯ ತಿರುವುಗಳಲ್ಲಿ ನಿದ್ದೆಗಣ್ಣಿನಲ್ಲೂ ಅದನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದೆ. ಬಂದ ದಿನವೇ ನೀರು ತುಂಬಿ ನೆನೆಯಲು ಬಿಟ್ಟೆ, ಮರುದಿನ ಆ ನೀರನ್ನು ಚೆಲ್ಲಿ ಹೊಸ ನೀರು ತುಂಬಿದೆ. ಅಡುಗೆಮನೆಯ ಕಿಟಕಿಯ ಪಕ್ಕ, ಗಾಳಿ ಬರುವ ಜಾಗದಲ್ಲಿಟ್ಟೆ. ಏಪ್ರಿಲ್ ತಿಂಗಳು. ಸಂಜೆ ದಣಿದು ಬಂದು ಒಂದು ಲೋಟ ಬಗ್ಗಿಸಿಕೊಂಡು ಕುಡಿದರೆ ನೀರು ನಲ್ಲಿಯಿಂದ ಹಿಡಿದಾಗ ಇದ್ದ ಹಾಗೇ ಇತ್ತು.

ನಾಲ್ಕು ದಿನ ಕಾದೆ. ಹರವಿಯ ಹೊರಮೈ ತುಂಬಾ ಹನಿಗಳು. ಕೆಳಗೆ ಹಾಸಿದ್ದ ಬಟ್ಟೆ ತೊಪ್ಪೆಯಾಗಿತ್ತು, ನೆಲದ ಮೇಲೆ ನೀರು ನಿಂತಿತ್ತು. ಕುಂಬಾರರು ಸರಿಯಾಗಿ ಬೇಯದ ಹರವಿ ಕೊಟ್ಟಿದ್ದಾರೆ ಎಂದುಕೊಂಡು ಊರಿಗೆ ಫೋನು ಮಾಡಿದೆ.

“ಹರವಿ ಬೆವರಾಕತ್ತೈತಿಲ್ಲ?” ಎಂದು ಆಯಿ ಕೇಳಿದಳು.

“ಬೆವರಾಕತ್ತೈತಿ ಆಯಿ. ನೆಲಾನೂ ತೊಯ್ದೈತಿ.”

“ಹಂಗಾದ್ರ ನೀರು ತಂಪ ಆಗಾಕಬೇಕವ್ವಾ” ಎಂದಳು. ಎಂಬತ್ತು ದಾಟಿದ ಅವಳ ಬದುಕಿನಲ್ಲಿ ಬೆವರಿದ ಹರವಿಯೊಂದು ನೀರನ್ನು ತಂಪು ಮಾಡದೆ ಇದ್ದದ್ದೇ ಇಲ್ಲ. ಅವಳು ಹೇಳಿದ್ದು ಅವಳ ಊರಿಗೆ ನೂರಕ್ಕೆ ನೂರು ನಿಜ. ಮಂಗಳೂರಿಗೆ ಮಾತ್ರ ಆ ಮಾತಿನ ಇನ್ನರ್ಧ ಬೇಕಿತ್ತು, ಅದನ್ನು ಹುಡುಕಿಕೊಳ್ಳಲು ನನಗೆ ಒಂದು ಬೇಸಿಗೆ ಹಿಡಿಯಿತು.

ಮೊದಲು ಹೆಸರುಗಳ ಬಗ್ಗೆ ಒಂದಿಷ್ಟು. ನಮ್ಮ ಕಡೆ ಕುಡಿಯುವ ನೀರಿನದು ಹರವಿ. ಹಾಲು, ಮೊಸರು, ಸಾರಿನದು ಗಡಿಗಿ. ಗೋಡೆಯ ಬದಿಗೆ ನಿಂತಲ್ಲೇ ನಿಂತಿರುವ ದೊಡ್ಡ ಹೊಟ್ಟೆಯದು ರಂಜಣಿಗಿ. ಸೊಂಟದ ಮೇಲೆ ಕೂಡುವುದು ಕೊಡ. ಹಳೆಯ ಮೈಸೂರಿನ ಕಡೆ ಹೋದರೆ ಮಡಕೆ, ಗುಡಾಣ, ಬಿಂದಿಗೆ ಎಂದು ಬೇರೆ ಸಂಸಾರವೇ ಇದೆ. ಉದ್ದ ಕೊರಳಿನ ಹೂಜಿ ಎಲ್ಲ ಕಡೆಯೂ ಇತ್ತು, ಕಚೇರಿಯ ಮೇಜಿನ ಮೇಲೂ ರೈಲಿನ ಪ್ರಯಾಣದಲ್ಲೂ. ಕರಾವಳಿಯಲ್ಲಿ ಕೊಡಪಾನ, ಮೂತಿಯಿರುವ ಗಿಂಡಿ. ಹೊಲಕ್ಕೆ ಹೋಗುವವರ, ಕುರಿ ಕಾಯುವವರ ಹೆಗಲಿಗೆ ಒಣಗಿಸಿ ಒಳಗಿನದನ್ನು ತೆಗೆದ ಸೋರೆಬುರುಡೆ. ಇಷ್ಟೊಂದು ಹೆಸರಿರುವ ವಸ್ತುವನ್ನು ನಾವು ಈಗ ಒಟ್ಟಾರೆಯಾಗಿ ‘ಪಾಟ್’ ಎನ್ನುತ್ತಿದ್ದೇವೆ. ಹೆಸರು ಹೋದಲ್ಲಿ ಯಾವುದು ಯಾವ ಕೆಲಸದ್ದು ಎಂಬ ತಿಳಿವಳಿಕೆಯೂ ಹೋಗುತ್ತದೆ, ನನಗೆ ನೋವಾಗುವುದು ಅದಕ್ಕೆ.

ಹರವಿ ನೀರನ್ನು ತಂಪು ಮಾಡುವುದು ನೀರನ್ನು ಕಳೆದುಕೊಳ್ಳುವುದರಿಂದ. ಸುಟ್ಟ ಮಣ್ಣಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ಸಣ್ಣ ದಾರಿಗಳಿವೆ. ಒಳಗಿನ ನೀರು ಆ ದಾರಿಗಳಲ್ಲಿ ನಿಧಾನವಾಗಿ ಒಸರಿ ಹೊರಮೈಗೆ ಬರುತ್ತದೆ. ಅಲ್ಲಿ ಗಾಳಿ ಅದನ್ನು ಆವಿಯಾಗಿಸಿ ಒಯ್ಯುತ್ತದೆ. ದ್ರವವಾಗಿ ಒಂದನ್ನೊಂದು ಹಿಡಿದುಕೊಂಡಿರುವ ನೀರಿನ ಕಣಗಳು ಬಿಡಿಸಿಕೊಂಡು ಹಾರಿಹೋಗಬೇಕಾದರೆ ಶಾಖ ಬೇಕು. ಆ ಶಾಖವನ್ನು ಅವು ಹರವಿಯ ಗೋಡೆಯಿಂದ, ಗೋಡೆಯ ಮೂಲಕ ಒಳಗೆ ಉಳಿದ ನೀರಿನಿಂದ ಎಳೆದುಕೊಳ್ಳುತ್ತವೆ. ಹೋಗುವವರು ಮನೆಯ ಶಾಖವನ್ನು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ, ಉಳಿದವರು ತಣ್ಣಗಾಗುತ್ತಾರೆ.

ಈ ಬುತ್ತಿ ಸಣ್ಣದಲ್ಲ. ನಮ್ಮ ಬೇಸಿಗೆಯ ಬಿಸಿಯಲ್ಲಿ 1 ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. 1 ಗ್ರಾಂ ನೀರನ್ನು 1 ಡಿಗ್ರಿ ತಣಿಸಲು ತೆಗೆಯಬೇಕಾದದ್ದು 1 ಕ್ಯಾಲೊರಿ ಮಾತ್ರ. ಹಾಗಾಗಿ 10 ಲೀಟರ್ ಹಿಡಿಯುವ ಹರವಿಯ ನೀರನ್ನು 10 ಡಿಗ್ರಿ ಇಳಿಸಲು ಸುಮಾರು 170 ಗ್ರಾಂ ನೀರು ಹಾರಿಹೋದರೆ ಸಾಕೆಂದು ಲೆಕ್ಕ ಹೇಳುತ್ತದೆ. ಅಂದರೆ ಒಂದು ಲೋಟ. ಒಂದು ಲೋಟ ನೀರನ್ನು ಗಾಳಿಗೆ ಕೊಟ್ಟು ಉಳಿದ ಐವತ್ತೇಳು ಐವತ್ತೆಂಟು ಲೋಟಗಳನ್ನು ಹರವಿ ತಂಪು ಮಾಡಿಕೊಳ್ಳುತ್ತದೆ. ಹೊರಗಿನ ಕಾವು ಸುಮ್ಮನಿರದೆ ಗೋಡೆಯ ಮೂಲಕ ಒಳಗೆ ನುಗ್ಗುತ್ತಲೇ ಇರುವುದರಿಂದ, ತಂಪನ್ನು ಉಳಿಸಿಕೊಳ್ಳಲು ಹರವಿ ದಿನವಿಡೀ ಕೊಡುತ್ತಲೇ ಇರಬೇಕಾಗುತ್ತದೆ. ಬೆಳಿಗ್ಗೆ ಕಂಠದವರೆಗೆ ತುಂಬಿದ್ದು, ಯಾರೂ ಮುಟ್ಟದಿದ್ದರೂ, ಸಂಜೆಗೆ ಕಡಿಮೆಯಾಗಿರುವುದು ಇದಕ್ಕೇ.

ಈಗ ಮಂಗಳೂರಿನ ವಿಷಯಕ್ಕೆ ಬರುತ್ತೇನೆ. ಹರವಿ ಕೊಡಲು ಸಿದ್ಧವಿದ್ದರೂ ತೆಗೆದುಕೊಳ್ಳಲು ಗಾಳಿಯಲ್ಲಿ ಜಾಗ ಇರಬೇಕು. ಗಾಳಿಯಲ್ಲಿ ಆಗಲೇ ನೀರಿನ ಆವಿ ತುಂಬಿದ್ದರೆ ಹೊರಮೈಯ ಹನಿ ಹನಿಯಾಗಿಯೇ ನಿಲ್ಲುತ್ತದೆ. ನಿಂತು, ಜಾರಿ, ನೆಲಕ್ಕೆ ಇಳಿಯುತ್ತದೆ. ನನ್ನ ಹರವಿಗೆ ಆದದ್ದು ಇಷ್ಟೇ. ಅದು ಬೆವರುತ್ತಿತ್ತು, ಬೆವರು ಆರುತ್ತಿರಲಿಲ್ಲ.

ಇದನ್ನು ಅಳೆಯುವ ಒಂದು ಸರಳ ಉಪಾಯವಿದೆ. ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಅದು ತೋರಿಸುವ ಮಟ್ಟವೇ ಆ ಊರಿನಲ್ಲಿ, ಆ ಹೊತ್ತಿನಲ್ಲಿ, ನೀರು ಆರುವುದರಿಂದ ಸಿಗಬಹುದಾದ ಕಟ್ಟಕಡೆಯ ತಂಪು. ಹವಾಮಾನದವರು ಅದನ್ನು ಆರ್ದ್ರ ಬಲ್ಬ್ ಉಷ್ಣತೆ ಎನ್ನುತ್ತಾರೆ. ಕಲಬುರಗಿಯಲ್ಲೋ ವಿಜಯಪುರದಲ್ಲೋ ಮಧ್ಯಾಹ್ನ 40 ಡಿಗ್ರಿ ಬಿಸಿಲಿದ್ದು ಗಾಳಿಯ ತೇವಾಂಶ ಶೇ. 20 ಇದ್ದರೆ ಒದ್ದೆ ಬಟ್ಟೆಯ ಮಾಪಕ ಸುಮಾರು 23 ತೋರಿಸುತ್ತದೆ. ನಡುವೆ 17 ಡಿಗ್ರಿಗಳ ಅಂತರ. ಒಳ್ಳೆಯ ಹರವಿ ಆ 23ರ ಹತ್ತಿರಕ್ಕೆ ಹೋಗಿ ನಿಲ್ಲುತ್ತದೆ. ಮಂಗಳೂರಿನಲ್ಲಿ ಬಿಸಿಲು 34 ಡಿಗ್ರಿಯೇ ಆದರೂ ತೇವಾಂಶ ಶೇ. 65 ಇದ್ದರೆ ಒದ್ದೆ ಬಟ್ಟೆಯ ಮಾಪಕ 28ರ ಮೇಲೆಯೇ ಇರುತ್ತದೆ. ಲೋಕದ ಅತ್ಯುತ್ತಮ ಕುಂಬಾರನನ್ನು ಕರೆತಂದು ಕೂರಿಸಿದರೂ ಅಲ್ಲಿ ಸಿಗುವುದು ಐದಾರು ಡಿಗ್ರಿಯ ಒಳಗಿನ ತಂಪು. ಬಯಲುಸೀಮೆಯಲ್ಲಿ ಕೆಲಸ ಮಾಡುವ, ನೀರು ತುಂಬುವ ಏರ್ ಕೂಲರ್ ಕರಾವಳಿಯ ಮನೆಗಳಲ್ಲಿ ಸೋಲುವುದೂ ಇದೇ ಕಾರಣಕ್ಕೆ. ಮೈಬೆವರಿನ ಕಥೆಯೂ ಬೇರೆಯಲ್ಲ. ವಿಜಯಪುರದ ನಲವತ್ತನ್ನು ನೆರಳಲ್ಲಿ ಕೂತು ತಡೆದುಕೊಂಡ ನಾನು ಮಂಗಳೂರಿನ ಮೂವತ್ನಾಲ್ಕಕ್ಕೆ ಸೋತುಹೋಗಿದ್ದೆ.

ಊರಿನ ನಮ್ಮ ಮನೆಯಲ್ಲಿ ಹರವಿಯ ಕೆಳಗೆ ಮರಳಿನ ಗುಡ್ಡೆ ಇರುತ್ತಿತ್ತು. ಆಯಿ ಅದಕ್ಕೆ ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು ಚಿಮುಕಿಸುತ್ತಿದ್ದಳು. ಬೇಸಿಗೆ ಜೋರಾದಾಗ ಹೊಟ್ಟೆಗೆ ಒದ್ದೆ ಬಟ್ಟೆ ಸುತ್ತುತ್ತಿದ್ದಳು. ಆರುವ ಮೈ ಹೆಚ್ಚಿದಷ್ಟೂ ತಂಪು ಹೆಚ್ಚು ಎಂಬುದನ್ನು ಅವಳಿಗೆ ಯಾರೂ ಪಾಠ ಮಾಡಿರಲಿಲ್ಲ. ಮರಳಿನಲ್ಲಿ ಬಿದ್ದ ಕೊತ್ತಂಬರಿ ಬೀಜ ಮೊಳೆತು ಹರವಿಯ ಸುತ್ತ ಹಸಿರು ಬರುತ್ತಿತ್ತು. ಮೊದಲೆಲ್ಲ ಲಾರಿ, ಜೀಪುಗಳ ಮುಂಭಾಗದಲ್ಲಿ ದಪ್ಪ ಕ್ಯಾನ್ವಾಸಿನ ನೀರಿನ ಚೀಲ ತೂಗಾಡುತ್ತಿದ್ದುದನ್ನು ನನ್ನ ವಯಸ್ಸಿನವರು ನೋಡಿರುತ್ತಾರೆ. ಅದೂ ಒಸರುವ ಚೀಲವೇ. ಗಾಡಿ ಓಡಿದಷ್ಟೂ ಗಾಳಿ ಬೀಸಿ ನೀರು ತಂಪಾಗುತ್ತಿತ್ತು. ಅದಕ್ಕೂ ಹಿಂದೆ ತೊಗಲಿನ ಚೀಲಗಳಿದ್ದವು, ಕೋಣದ ಬೆನ್ನಿಗೆ ಹೇರುವ ದೊಡ್ಡ ಪಖಾಲಿಗಳಿದ್ದವು. ಮಣ್ಣು, ಬಟ್ಟೆ, ತೊಗಲು ಮೂರೂ ಬೆವರುತ್ತವೆ ಎಂಬ ಒಂದೇ ಕಾರಣಕ್ಕೆ ಅವು ಒಂದೇ ಕುಲ.

ಹಾಗಾದರೆ ಎಲ್ಲ ಮಣ್ಣಿನ ಪಾತ್ರೆಯೂ ಬೆವರುತ್ತದೆಯೇ? ಇಲ್ಲ, ಬೆವರುವ ಹಾಗೆ ಮಾಡಬೇಕು. ಕುಂಬಾರರ ಕೈಗುಣ ಇರುವುದು ಅಲ್ಲಿ.

ಕೆರೆ ಒಣಗಿದಾಗ ತಳದ ಜೇಡಿಮಣ್ಣನ್ನು ಅಗೆದು ತರುತ್ತಾರೆ. ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು, ನೆನೆಹಾಕಿ, ಕಾಲಿನಿಂದ ತುಳಿಯುತ್ತಾರೆ. ತುಳಿಯುವಾಗಲೇ ಸಣ್ಣ ಮರಳನ್ನೋ ಬೂದಿಯನ್ನೋ ಲದ್ದಿಯನ್ನೋ ಸೇರಿಸುತ್ತಾರೆ. ಸುಡುವಾಗ ಲದ್ದಿಯೊಳಗಿನ ನಾರು ಉರಿದುಹೋಗಿ ಅದಿದ್ದ ಜಾಗ ಖಾಲಿ ಉಳಿಯುತ್ತದೆ. ನೀರು ಒಸರುವ ದಾರಿ ಅದೇ. ತಿಗರಿಯ ಮೇಲೆ ಎದ್ದು ಬರುವುದು ಬಾಯಿ, ಕಂಠ, ಭುಜ ಮಾತ್ರ. ಹೊಟ್ಟೆ ಆಗ ದಪ್ಪಗಿರುತ್ತದೆ. ಅರ್ಧ ಆರಿದ ಮೇಲೆ ಒಳಗೊಂದು ಗುಂಡುಕಲ್ಲು ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ಬಡಿಯುತ್ತಾ ಬಡಿಯುತ್ತಾ ಹೊಟ್ಟೆಯನ್ನು ತೆಳ್ಳಗೆ ಮಾಡುತ್ತಾರೆ, ಗುಂಡಗೆ ಮಾಡುತ್ತಾರೆ. ಬುಡ ಗುಂಡಗಿರುವುದರಿಂದ ಬಿರುಕು ಹುಟ್ಟಲು ಮೂಲೆಯೇ ಇರುವುದಿಲ್ಲ. ಸಿಂಬಿಯ ಮೇಲೆ ಕೂತಾಗ ಕೆಳಗಿನಿಂದಲೂ ಗಾಳಿ ಆಡುತ್ತದೆ. ನಾವು ಈಗ ಅಡುಗೆಕಟ್ಟೆಯ ಮೇಲೆ ನೆಟ್ಟಗೆ ನಿಲ್ಲಲಿ ಎಂದು ಚಪ್ಪಟೆ ತಳದ್ದನ್ನು ಕೇಳಿ ಕೊಳ್ಳುತ್ತೇವೆ. ಕೆಳಮೈಯ ಅಷ್ಟು ಭಾಗ ಗಾಳಿಗೆ ಸಿಗುವುದೇ ಇಲ್ಲ.

ಆಮೇಲೆ ಆವಿಗೆ, ಅಂದರೆ ಮಡಕೆ ಸುಡುವ ಗೂಡು. ಕುಳ್ಳು, ಕಟ್ಟಿಗೆ, ಹುಲ್ಲು ಒಟ್ಟಿ, ಮೇಲೆ ಮಣ್ಣು ಮುಚ್ಚಿ ಸುಡುತ್ತಾರೆ. ಕಾವು ಸುಮಾರು 500–600 ಡಿಗ್ರಿ ದಾಟಿದ ಮೇಲೆ ಜೇಡಿಮಣ್ಣು ತನ್ನೊಳಗೆ ಬೆರೆತುಹೋದ ನೀರನ್ನು ಬಿಟ್ಟುಕೊಟ್ಟು ಬೇರೆಯದೇ ವಸ್ತುವಾಗುತ್ತದೆ. ಮತ್ತೆ ಎಷ್ಟು ನೆನೆಸಿದರೂ ಕೆಸರಾಗುವುದಿಲ್ಲ. ಹಾಗೆಂದು ಕಾವು ತೀರ ಏರಿದರೆ ಮಣ್ಣಿನ ಕಣಗಳು ಕರಗಿ ಒಂದಕ್ಕೊಂದು ಅಂಟಿ ದಾರಿಗಳೆಲ್ಲ ಮುಚ್ಚಿಹೋಗುತ್ತವೆ. ಕಡಿಮೆ ಬೆಂದರೆ ಕೆಸರಿನ ಹಾದಿ, ಹೆಚ್ಚು ಬೆಂದರೆ ಪಿಂಗಾಣಿಯ ಹಾದಿ. ಹರವಿ ಇವೆರಡರ ನಡುವಿನ ಕಿರಿದಾದ ಪಟ್ಟಿಯಲ್ಲಿ ಹುಟ್ಟಬೇಕು. ಹಳ್ಳಿಯ ಆವಿಗೆಯಲ್ಲಿ ಕಾವನ್ನು ಅಳೆಯುವ ಯಂತ್ರವಿಲ್ಲ. ಹೊಗೆಯ ಬಣ್ಣ, ಉರಿಯ ಬಣ್ಣ ನೋಡಿ ಇದು ಸಾಕು ಎಂದು ಹೇಳುವ ಕಣ್ಣಿದೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯಲ್ಲಿ ನಾವು ದೊಣ್ಣೆಯ ನಿಮಿಷವನ್ನು ನೆನೆಯುತ್ತೇವೆ. ಆ ಒಂದು ವರುಷದಲ್ಲಿ ಏನೇನಿದೆ ಎಂದು ನಿಂತು ನೋಡಿದವರು ಕಡಿಮೆ.

ಉರಿಗೆ ಗಾಳಿ ಚೆನ್ನಾಗಿ ಸಿಕ್ಕರೆ ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಕೆಂಪಾಗುತ್ತದೆ. ಗಾಳಿ ಹೋಗದಂತೆ ಮುಚ್ಚಿ ಹೊಗೆಯಲ್ಲೇ ಬೇಯಿಸಿದರೆ ಮಡಕೆ ಕಪ್ಪಾಗುತ್ತದೆ. ಕರಿಯ ಮಡಕೆಯ ನೀರು ಹೆಚ್ಚು ತಂಪು ಎಂದು ಕೆಲವರು, ಕೆಂಪಿನದೇ ಹೆಚ್ಚು ಎಂದು ಕೆಲವರು ವಾದಿಸುತ್ತಾರೆ. ತಂಪಿಗೆ ಬಣ್ಣಕ್ಕಿಂತ ಗೋಡೆ ಎಷ್ಟು ಒಸರುತ್ತದೆ ಎಂಬುದೇ ಮುಖ್ಯ.

ಕೊಳ್ಳುವಾಗ ಆಯಿ ಹರವಿಯನ್ನು ಎಡಗೈಯ ಬೆರಳುಗಳ ಮೇಲೆ ನಿಲ್ಲಿಸಿಕೊಂಡು ಬಲಗೈಯ ಗೆಣ್ಣಿನಿಂದ ಬಾರಿಸುತ್ತಿದ್ದಳು. ‘ಠಣ್’ ಎಂದು ಹೊರಟು ಸ್ವಲ್ಪ ಹೊತ್ತು ನಿಂತರೆ ಚೆನ್ನಾಗಿ ಬೆಂದಿದೆ, ಬಿರುಕಿಲ್ಲ. ‘ಬದ್’ ಎಂದು ಅಲ್ಲೇ ಸತ್ತರೆ ಎಲ್ಲೋ ಒಂದು ಕೂದಲೆಳೆಯ ಸೀಳಿದೆ. ಹತ್ತು ಹರವಿಗಳನ್ನು ಬಾರಿಸಿ ಒಂದನ್ನು ಆರಿಸುತ್ತಿದ್ದಳು, ಕುಂಬಾರರು ಬೇಸರಪಡುತ್ತಿರಲಿಲ್ಲ. ಅವರೂ ಆವಿಗೆಯಿಂದ ತೆಗೆಯುವಾಗ ಹಾಗೆಯೇ ಬಾರಿಸಿ ನೋಡಿರುತ್ತಾರೆ. ಕುಂಬಾರ ಗುಂಡಯ್ಯನ ಕಥೆ ನನಗೆ ಪ್ರಿಯವಾಗಲು ಈ ಸದ್ದೇ ಕಾರಣ. ಬೀದರ ಸೀಮೆಯ ಭಾಲ್ಕಿಯ ಈ ಶಿವಭಕ್ತ ತಾನು ಮಾಡಿದ ಮಡಕೆಯನ್ನೇ ವಾದ್ಯವಾಗಿಸಿ ಬಾರಿಸುತ್ತಾ ಕುಣಿದಾಗ ಶಿವನೂ ಕುಣಿದ ಎನ್ನುತ್ತದೆ ಕಥೆ. ಹರಿಹರ ಕವಿ ಅದನ್ನು ರಗಳೆಯಾಗಿ ಬರೆದಿದ್ದಾನೆ. ಸರಿಯಾಗಿ ಬೆಂದ ಮಡಕೆಯ ನಾದವನ್ನು ಕೇಳಿದವರಿಗೆ ಆ ಕಥೆ ಬರಿಯ ಪವಾಡವಾಗಿ ಉಳಿಯುವುದಿಲ್ಲ, ಕಸುಬಿನ ಮಾತಾಗಿಯೂ ಕೇಳಿಸುತ್ತದೆ.

ಈಗಿನ ಪೇಟೆಯಲ್ಲಿ ನಡೆಯುತ್ತಿರುವುದನ್ನು ನೋಡಿದರೆ ಸಂಕಟವಾಗುತ್ತದೆ. ಹೆದ್ದಾರಿಯ ಬದಿಯಲ್ಲಿ, ದೊಡ್ಡ ಅಂಗಡಿಗಳಲ್ಲಿ, ಮಿರಮಿರ ಮಿಂಚುವ ಬಣ್ಣ ಬಳಿದ, ಹೂಬಳ್ಳಿ ಬರೆದ, ನಲ್ಲಿ ಕೂರಿಸಿದ ಮಡಕೆಗಳನ್ನು ಇಟ್ಟಿರುತ್ತಾರೆ. ಎಣ್ಣೆಬಣ್ಣವೋ ವಾರ್ನಿಶ್ಶೋ ಮೈಗೆ ಬಿದ್ದ ಕ್ಷಣಕ್ಕೆ ಮಡಕೆಯ ಉಸಿರು ಕಟ್ಟುತ್ತದೆ. ಒಸರುವ ದಾರಿಗಳೆಲ್ಲ ಮುಚ್ಚಿದ ಮೇಲೆ ಅದು ಒಡೆಯುವ ಪ್ಲಾಸ್ಟಿಕ್ ಡಬ್ಬಿಗೆ ಸಮ. ‘ನೆಲ ಒದ್ದೆಯಾಗುವುದಿಲ್ಲ’ ಎಂದು ಮಾರುವವರು ಅದನ್ನೊಂದು ಗುಣವೆಂಬಂತೆ ಹೇಳುತ್ತಾರೆ. ನೆಲ ಒದ್ದೆಯಾಗದ ಮಡಕೆಯನ್ನು ದಯವಿಟ್ಟು ಕೊಳ್ಳಬೇಡಿ. ಕೆಮ್ಮಣ್ಣು ಬಳಿದು ಉಜ್ಜಿದ್ದು ಬೇರೆ. ಅದು ಮಣ್ಣಿಗೆ ಮಣ್ಣು, ಅದರ ಮೂಲಕ ನೀರು ಬರುತ್ತದೆ. ಅನುಮಾನವಿದ್ದರೆ ಹೊರಮೈಗೆ ಒಂದು ಹನಿ ನೀರು ಬಿಟ್ಟು ನೋಡಿ. ಹೀರಿಕೊಂಡರೆ ಮಡಕೆ, ಜಾರಿದರೆ ಅಲಂಕಾರ.

ಸೋಪು ಕೂಡ ಹರವಿಗೆ ಶತ್ರು. ಅದು ದಾರಿಗಳೊಳಗೆ ಹೊಕ್ಕು ಕೂತರೆ ವಾರಗಟ್ಟಲೆ ನೀರಿಗೆ ವಾಸನೆ ಬಿಡುತ್ತಲೇ ಇರುತ್ತದೆ. ತೆಂಗಿನ ನಾರಿನಲ್ಲಿ ಬರಿಯ ನೀರು ಹಾಕಿ ಉಜ್ಜಿ, ಬಿಸಿಲಿಗೆ ಬೋರಲು ಹಾಕಿದರೆ ಸಾಕು. ಮೂರನೆಯ ಶತ್ರು ಬೋರ್‌ವೆಲ್ಲಿನ ಗಡಸು ನೀರು. ಹೊರಮೈಯಲ್ಲಿ ನೀರು ಹಾರಿಹೋದಾಗ ಅದರಲ್ಲಿದ್ದ ಸುಣ್ಣ, ಉಪ್ಪು ಅಲ್ಲೇ ಉಳಿದು ಬಿಳಿಯ ಪದರವಾಗುತ್ತದೆ. ಒಂದೆರಡು ಬೇಸಿಗೆಯಲ್ಲಿ ಹರವಿಯ ಮೈ ಕಟ್ಟಿಹೋಗುತ್ತದೆ. ನಮ್ಮೂರಲ್ಲಿ ಪ್ರತಿ ವರ್ಷ ಬೇಸಿಗೆಯ ಬಾಯಿಗೆ ಹೊಸ ಹರವಿ ತರುತ್ತಿದ್ದುದು ಹಬ್ಬದ ಸಡಗರಕ್ಕೆ ಮಾತ್ರ ಆಗಿರಲಿಲ್ಲ. ಹಳೆಯದರ ತಂಪು ಮುಗಿದಿರುತ್ತಿತ್ತು. ಅದರಲ್ಲಿ ಕಾಳು ತುಂಬಿಡುತ್ತಿದ್ದರು.

ಇನ್ನೊಂದು ಮಾತನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಮಡಕೆ ತಂಪು ಮಾಡುತ್ತದೆ, ಶುದ್ಧಿ ಮಾಡುವುದಿಲ್ಲ. ಮಡಕೆಯಲ್ಲಿಟ್ಟರೆ ನೀರಿಗೆ ರೋಗ ಕಳೆಯುವ ಗುಣ ಬರುತ್ತದೆ ಎಂಬ ಮಾತುಗಳು ಈಗ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿವೆ. ಪಾವಗಡದ, ರಾಯಚೂರಿನ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡನ್ನು ಹರವಿ ತೆಗೆಯಲಾರದು. ಕೊಳಕು ಕೈ ಅದ್ದಿದರೆ ತಂಪಾದ ನೀರಿನಿಂದಲೂ ಭೇದಿ ಬರುತ್ತದೆ. ಅದಕ್ಕೇ ಉದ್ದ ಹಿಡಿಯ ಸೌಟು, ಅದಕ್ಕೇ ಮುಚ್ಚಳ, ಅದಕ್ಕೇ ಹೂಜಿಯ ಕಿರಿದಾದ ಕೊರಳು. ಕದಡಿದ ನೀರನ್ನು ತಿಳಿಯಾಗಿಸಲು ಹಿಂದೆ ಚಿಲ್ಲ ಎಂಬ ಮರದ ಬೀಜವನ್ನು ಮಡಕೆಯ ಒಳಗೋಡೆಗೆ ತೇಯುತ್ತಿದ್ದರು. ನೀರಿನಲ್ಲಿ ತೇಲುವ ಮಣ್ಣಿನ ಕಣಗಳು ಅದರ ರಸಕ್ಕೆ ಅಂಟಿಕೊಂಡು ಗಂಟಾಗಿ ತಳಕ್ಕೆ ಇಳಿಯುತ್ತವೆ. ತಿಳಿಯಾದ ನೀರನ್ನೂ ಕಾಯಿಸಿ ಆರಿಸಿಯೇ ಹರವಿಗೆ ಹಾಕುವುದು ಕ್ಷೇಮ.

ರೋಗಾಣುಗಳ ವಿಷಯದಲ್ಲಿ ಬೇರೊಂದು ಪಾತ್ರೆಗೆ ಗಟ್ಟಿಯಾದ ಸಾಕ್ಷಿಯಿದೆ. ತಾಮ್ರದ ಪಾತ್ರೆಯಲ್ಲಿ ರಾತ್ರಿಯಿಡೀ ನೀರಿಡುವ ಪದ್ಧತಿಯನ್ನು ಬೆಂಗಳೂರಿನ ಸಂಶೋಧಕರು ಪರೀಕ್ಷೆಗೆ ಒಡ್ಡಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಲರಾ, ಟೈಫಾಯ್ಡ್, ಆಮಶಂಕೆ ತರುವ ಬ್ಯಾಕ್ಟೀರಿಯಾಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟು ನೋಡಿದಾಗ, ಅವುಗಳನ್ನು ಮತ್ತೆ ಬೆಳೆಸಲು ಆಗಲಿಲ್ಲ. ನೀರಿಗೆ ಇಳಿದ ತಾಮ್ರವೂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 2 ಮಿಲಿಗ್ರಾಮಿಗಿಂತ ಬಹಳ ಕೆಳಗಿತ್ತು. ಆದರೆ ಅದೇ ತಾಮ್ರಕ್ಕೆ ಮಜ್ಜಿಗೆಯನ್ನೋ ನಿಂಬೆಹಣ್ಣಿನ ಪಾನಕವನ್ನೋ ಹಾಕಬಾರದು. ಹುಳಿಗೆ ತಾಮ್ರ ಹೆಚ್ಚು ಕರಗುತ್ತದೆ, ಹೊಟ್ಟೆ ಕೆಡುತ್ತದೆ. ಹುಳಿ ಬೇಯಿಸುವ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದುದು ಇದಕ್ಕೇ. ತಂಪಿನ ಲೆಕ್ಕದಲ್ಲಿ ತಾಮ್ರ ಮಣ್ಣಿಗೆ ಸಾಟಿಯಿಲ್ಲ. ಮುಟ್ಟಿದರೆ ತಣ್ಣಗೆ ಅನಿಸುವುದು ಅದು ನಮ್ಮ ಕೈಯ ಶಾಖವನ್ನು ಬೇಗ ಎಳೆದುಕೊಳ್ಳುವುದರಿಂದ. ಒಳಗಿನ ನೀರು ಕೋಣೆಯಷ್ಟೇ ಬೆಚ್ಚಗಿರುತ್ತದೆ.

ಮಣ್ಣು ಹೀರುತ್ತದೆ, ಲೋಹ ಹೀರುವುದಿಲ್ಲ ಎಂಬ ಈ ಸಾದಾ ವ್ಯತ್ಯಾಸವನ್ನೇ ನಮ್ಮ ಸಮಾಜ ಒಂದು ಕ್ರೌರ್ಯಕ್ಕೂ ಬಳಸಿಕೊಂಡಿತು. ‘ಮೈಲಿಗೆ’ಯಾದ ತಾಮ್ರದ ಕೊಡವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಮತ್ತೆ ಒಳಗೆ ಸೇರಿಸಿಕೊಳ್ಳುತ್ತಿದ್ದರು. ಮಣ್ಣಿನದನ್ನು ಒಡೆದು ಎಸೆಯುತ್ತಿದ್ದರು. ಸೂತಕದಲ್ಲಿ ಇದು ಒಂದು ಆಚಾರ. ದಲಿತನೊಬ್ಬ ಬಾಯಾರಿ ಬಂದು ಮುಟ್ಟಿದಾಗ ಇದು ಅವಮಾನ, ಹೊಡೆತ. ನನ್ನ ಬಾಲ್ಯದಲ್ಲಿ ನಮ್ಮ ಓಣಿಯ ಕಟ್ಟೆಯ ಮೇಲಿನ ಹರವಿಯಿಂದ ಕೆಲವರಿಗೆ ಲೋಟದಲ್ಲಿ ನೀರು ಕೊಡುತ್ತಿದ್ದರು, ಕೆಲವರ ಬೊಗಸೆಗೆ ಮೇಲಿನಿಂದ ಸುರಿಯುತ್ತಿದ್ದರು. ಅದರ ಅರ್ಥ ತಿಳಿಯಲು ನನಗೆ ವರ್ಷಗಳು ಬೇಕಾದವು. ಅಂಬೇಡ್ಕರ್ ತಮ್ಮ ಶಾಲೆಯ ದಿನಗಳ ಬಗ್ಗೆ ಬರೆದಿದ್ದಾರೆ: ನಲ್ಲಿ ತಿರುಗಿಸಿ ಕೊಡಲು ಜವಾನ ಇಲ್ಲದ ದಿನ ಅವರಿಗೆ ನೀರೂ ಇರುತ್ತಿರಲಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯಿಂದ ಅವರು ಬೊಗಸೆ ನೀರು ಎತ್ತಿ ಕುಡಿದದ್ದು ಸತ್ಯಾಗ್ರಹವಾಯಿತು. ಹರವಿಯ ಚೆಲುವಿನ ಬಗ್ಗೆ ಬರೆಯುವ ಯಾರೂ ಇದನ್ನು ಬದಿಗಿಟ್ಟು ಬರೆಯಬಾರದು.

ಅದೇ ನಾಡಿನಲ್ಲಿ ಅರವಟ್ಟಿಗೆಯೂ ಇತ್ತು ಎಂಬುದೂ ನಿಜ. ದಾರಿಹೋಕರಿಗೆ ನೀರು ಕೊಡುವ ಚಪ್ಪರ ಅದು. ಹಳೆಯ ಕನ್ನಡ ಶಾಸನಗಳಲ್ಲಿ ಅದರ ಹೆಸರು ಅರವಂಟಿಗೆ. ಕೆರೆಗೆ, ಗುಡಿಗೆ, ಸತ್ರಕ್ಕೆ ಭೂಮಿ ಬಿಟ್ಟ ಹಾಗೆ ಅರವಂಟಿಗೆಗೂ ದತ್ತಿ ಬಿಡುತ್ತಿದ್ದರು. ಬರಿಯ ಪುಣ್ಯದ ಮಾತಿನಿಂದ ನೀರಿನ ಚಪ್ಪರ ನಡೆಯುವುದಿಲ್ಲ, ನೀರು ಹೊರುವವರಿಗೆ ಕೂಲಿ ಬೇಕು, ವರ್ಷಕ್ಕೊಮ್ಮೆ ಹೊಸ ಮಡಕೆ ಬೇಕು ಎಂಬುದು ಆ ದಾನಿಗಳಿಗೆ ಗೊತ್ತಿತ್ತು. ಈಗಲೂ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು, ವಿಜಯಪುರದ ಬಸ್ ನಿಲ್ದಾಣಗಳ ಹತ್ತಿರ ಒದ್ದೆ ಬಟ್ಟೆ ಸುತ್ತಿದ ಹರವಿಗಳ ಸಾಲು ಕಾಣುತ್ತದೆ. ಪಕ್ಕದಲ್ಲೇ ಬಾಟಲಿ ನೀರಿನ ಅಂಗಡಿ ಇದ್ದರೂ ಆ ಸಾಲಿನ ಮುಂದೆ ಜನ ನಿಲ್ಲುತ್ತಾರೆ, ಎಲ್ಲರೂ ಒಂದೇ ಲೋಟದಲ್ಲಿ ಕುಡಿಯುತ್ತಾರೆ.

ಮಡಕೆಗೂ ನಮಗೂ ಇರುವ ಸಂಬಂಧ ಎಷ್ಟು ಹಳೆಯದು ಎಂಬುದಕ್ಕೆ ನಮ್ಮ ನೆಲದಲ್ಲೇ ಗುರುತುಗಳಿವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ನವಶಿಲಾಯುಗದ ಜನ ಕೈಯಿಂದಲೇ ತಿದ್ದಿ ಮಾಡಿದ ಬೂದು ಬಣ್ಣದ ಮಡಕೆಗಳು ಸಿಕ್ಕವು. ಅಲ್ಲಿಯೂ ಬಳ್ಳಾರಿ ಸೀಮೆಯ ಟೆಕ್ಕಲಕೋಟೆಯಲ್ಲಿಯೂ ಎಳೆಯ ಕೂಸುಗಳನ್ನು ಮಡಕೆಯೊಳಗಿಟ್ಟು ಹೂಳಿದ್ದು ಕಂಡುಬಂತು. ಹೊಟ್ಟೆಯಂಥ ಪಾತ್ರೆಯೊಳಗೆ ಕೂಸನ್ನು ಮತ್ತೆ ಮಲಗಿಸಿದ ಆ ತಾಯಂದಿರ ಮನಸ್ಸು ನನಗೆ ಅರ್ಥವಾಗುತ್ತದೆ. ಇವತ್ತಿಗೂ ಮದುವೆಗೆ ಕುಂಬಾರರ ಮನೆಯಿಂದ ಐರಣಿ ಗಡಿಗೆ ಬರುತ್ತದೆ, ಸ್ಮಶಾನದಲ್ಲಿ ಹೆಗಲ ಮೇಲಿನ ತೂತು ಮಾಡಿದ ಮಡಕೆ ಒಡೆಯುತ್ತದೆ.

ಹಾಗೆಂದು ಪ್ಲಾಸ್ಟಿಕ್ ಕೊಡ ತಂದವರನ್ನು ನಾನು ಬೈಯಲಾರೆ. ನೀರು ತುಂಬಿದ ಮಣ್ಣಿನ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಒಂದು ಮೈಲಿ ನಡೆದವರಿಗೆ ಮಾತ್ರ ಅದರ ಭಾರ ಗೊತ್ತು. ಹಿತ್ತಾಳೆಯದೂ ಹಗುರವಿರಲಿಲ್ಲ. ಅವ್ವ ತನ್ನ ಮೊದಲ ಪ್ಲಾಸ್ಟಿಕ್ ಕೊಡವನ್ನು ತಂದ ದಿನ ಅದನ್ನು ಒಂದು ಬೆರಳಲ್ಲಿ ಎತ್ತಿ ತೋರಿಸಿ ನಕ್ಕಿದ್ದಳು. ಹೊರಲು ಪ್ಲಾಸ್ಟಿಕ್, ಕುಡಿಯಲು ಹರವಿ ಎಂದು ನಮ್ಮ ಮನೆಯಲ್ಲಿ ಬಹಳ ದಿನ ಎರಡೂ ಒಟ್ಟಿಗೆ ಇದ್ದವು. ಆಮೇಲೆ ಫ್ರಿಜ್ ಬಂತು. ಫ್ರಿಜ್ಜಿನ ನೀರು ನಾಲ್ಕೈದು ಡಿಗ್ರಿಯದು, ಹಲ್ಲು ಜುಮ್ಮೆನ್ನುತ್ತದೆ, ಎರಡು ಗುಟುಕಿಗೆ ಗಂಟಲು ಸಾಕೆನ್ನುತ್ತದೆ. ಹರವಿಯ ಇಪ್ಪತ್ನಾಲ್ಕು ಇಪ್ಪತ್ತೈದು ಡಿಗ್ರಿಯ ನೀರನ್ನು ಬಾಯಾರಿದವರು ಗಟಗಟ ಕುಡಿಯಬಹುದು. ಬಿಸಿಲಲ್ಲಿ ದುಡಿದು ಬಂದ ಮೈಗೆ ಬೇಕಾದದ್ದು ಅಷ್ಟು ನೀರು.

ಹಳೆಯ ಈ ವಿದ್ಯೆಯನ್ನು ಹೊಸದಾಗಿ ಬಳಸಿದವರೂ ಇದ್ದಾರೆ. ನೈಜೀರಿಯಾದ ಮೊಹಮ್ಮದ್ ಬಾ ಅಬ್ಬಾ ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ತರಕಾರಿ ಬಾಡದಂತೆ ಉಳಿಸುವ ಪಾತ್ರೆಯನ್ನು ತಮ್ಮ ಹಳ್ಳಿಗಳಿಗೆ ಹಂಚಿದರು. ಗುಜರಾತಿನ ವಾಂಕಾನೇರದ ಕುಂಬಾರ ಮನಸುಖಭಾಯಿ ಪ್ರಜಾಪತಿ ವಿದ್ಯುತ್ ಬೇಡದ ಮಣ್ಣಿನ ಫ್ರಿಜ್ ಮಾಡಿದರು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಗ್ರಾಮೀಣ ಕುಂಬಾರಿಕೆ ಕಲಿಸುವ ಕೇಂದ್ರ ಸಂಸ್ಥೆಯೊಂದಿದೆ. ಆದರೆ ನಮ್ಮ ಹಳ್ಳಿಗಳ ಕುಂಬಾರರು ಕೇಳುವುದು ಇನ್ನೂ ಸಣ್ಣದೊಂದನ್ನು: ಕೆರೆಯ ಮಣ್ಣು. ಇಟ್ಟಿಗೆ ಭಟ್ಟಿಗೆ ಟ್ರ್ಯಾಕ್ಟರುಗಟ್ಟಲೆ ಹೋಗುವ ಮಣ್ಣಿನಲ್ಲಿ ತಮಗೆ ನಾಲ್ಕು ಗಾಡಿ ಬೇಕು ಎನ್ನುತ್ತಾರೆ. ಅದನ್ನು ಅವರು ಅಂಗಲಾಚಿ ಪಡೆಯುವಂತಾಗಬಾರದು.

ನನ್ನ ಹರವಿಯ ಗತಿ ಏನಾಯಿತೆಂದು ಹೇಳಬೇಕು. ಮಂಗಳೂರಿನಲ್ಲಿ ಮೊದಲ ಸಲ ಪಕ್ಕದ ಮನೆಗೆ ಹೋದಾಗ ಅಲ್ಲಿಯ ಅಕ್ಕ ಕೊಟ್ಟದ್ದು ಒಂದು ತುಂಡು ಬೆಲ್ಲ, ಹೊಳೆಯುವ ಗಿಂಡಿಯಲ್ಲಿ ನೀರು. ಆ ನೀರು ತಣ್ಣಗಿತ್ತು. ಆಗಷ್ಟೇ ಬಾವಿಯಿಂದ ಸೇದಿದ್ದು. ಕೆಂಪು ಮುರಕಲ್ಲನ್ನು ಕೊರೆದು ಇಳಿಸಿದ ಬಾವಿಯೊಳಗೆ, ಮರದ ನೆರಳಲ್ಲಿ, ನೆಲದಾಳದ ನೀರಿಗೆ ಮಧ್ಯಾಹ್ನದ ಕಾವು ತಟ್ಟುವುದಿಲ್ಲ. ಮನೆಗೊಂದು ಬಾವಿ ಇರುವ ಸೀಮೆಯಲ್ಲಿ ನೀರನ್ನು ದಿನಗಟ್ಟಲೆ ತುಂಬಿಡುವ, ತುಂಬಿಟ್ಟದ್ದನ್ನು ತಣಿಸುವ ಕಷ್ಟವೇ ಇರಲಿಲ್ಲ. ಬೇಕಾದಾಗ ಸೇದಿದರಾಯಿತು, ತರಲು ಕೊಡಪಾನ, ಕೊಡಲು ಗಿಂಡಿ. ಗಾಳಿ ಒಣಗಿದ, ಬಾವಿ ದೂರವಿದ್ದ ನನ್ನ ಸೀಮೆ ಹರವಿಯನ್ನು ಕಂಡುಕೊಂಡಿತು. ಗಾಳಿ ತೊಯ್ದ, ಬಾವಿ ಹತ್ತಿರವಿದ್ದ ಅಕ್ಕನ ಸೀಮೆಗೆ ಅದು ಬೇಕಾಗಲೇ ಇಲ್ಲ.

“ಈ ಮಡಕೆ ಇಲ್ಲಿಗೆ ಆಗುವುದಿಲ್ಲ ಮಾರಾಯ್ತಿ” ಎಂದು ಅಕ್ಕ ಹೇಳಿದರು. ಆದರೂ ಬಿಸಾಡಲು ಬಿಡಲಿಲ್ಲ. ಅಂಗಳದ ಮಲ್ಲಿಗೆ ಗಿಡದ ಪಕ್ಕ ಗುಂಡಿ ತೋಡಿ ಹರವಿಯನ್ನು ಕಂಠದವರೆಗೆ ಹೂಳಿದೆವು. ಬಾಯಿಗೆ ಒಂದು ಚಪ್ಪಡಿ ಕಲ್ಲು ಮುಚ್ಚಿದೆವು. ಸುತ್ತಲಿನ ಮಣ್ಣು ಒಣಗಿದಾಗ ಹರವಿಯ ಗೋಡೆಯಿಂದ ನೀರನ್ನು ಎಳೆದುಕೊಳ್ಳುತ್ತದೆ, ಒದ್ದೆಯಿದ್ದಾಗ ಸುಮ್ಮನಿರುತ್ತದೆ. ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಕಲ್ಲು ಸರಿಸಿ ಎರಡು ಕೊಡಪಾನ ನೀರು ಸುರಿಯುತ್ತೇನೆ. ಫೋನಿನಲ್ಲಿ ಇದನ್ನು ಹೇಳಿದಾಗ ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೂ ಬಿಟ್ಟಾವೇನು?” ಎಂದು ಕೇಳಿದಳು.

ಬಿಟ್ಟಿದ್ದವು.